ಆರಿಸಿ ತಂದ ಚಿಗುರು

"ಇದೇನು ಸ್ಯಾಂಪಲ್ಲೋ, ಹೂಗುಚ್ಛವೋ?"

ಅವಳು ಕಾಗದದ ಚೀಲವನ್ನು ಲ್ಯಾಬಿನ ಮೇಜಿನ ಮೇಲೆ ಕೊಡವಿದಳು. ಮರಳುಗಾಡಿನ ಪೊದೆಯ ಎಳೆ ಚಿಗುರುಗಳು ಉದುರಿದವು. ಒಂದು ಮುಳ್ಳಿಲ್ಲ, ಒಣ ಕಡ್ಡಿಯಿಲ್ಲ.

ಎದುರಿಗೆ ನಿಂತಿದ್ದ ಜಿಂಕೆ ಪಾಲಕ ಇಸ್ತ್ರಿ ಮಾಡಿದ ಅಂಗಿಯ ಗುಂಡಿ ತಿರುವುತ್ತ ನೆಲ ನೋಡಿದ. ನಲವತ್ತು ದಾಟಿದ ಗಂಡಸು, ಬೆಲ್ಲ ಕದ್ದು ಸಿಕ್ಕಿಬಿದ್ದವನ ಹಾಗೆ.

ಅಳಿದು ಹೋಗುತ್ತಿರುವ ಜಿಂಕೆಗಳನ್ನು ಸಾಕುವ ಆ ಕೇಂದ್ರದಲ್ಲಿ ಅವಳ ಕೆಲಸ ಅಲ್ಲಿಯ ಗಿಡಗಳ ಸತ್ವ ಅಳೆಯುವುದು. ಅವನು ಈವರೆಗೆ ತಂದ ಎಲೆಯಲ್ಲಿ ಪ್ರೋಟೀನ್ ಭರ್ಜರಿಯಾಗಿತ್ತು. ಅದನ್ನು ನಂಬಿ ಅವಳೇ ಹಿಂಡಿ, ಕಾಳು ಕಡಿಮೆ ಮಾಡಿಸಿ ಪೊದೆಯ ಮೇವು ಹೆಚ್ಚಿಸಿದ್ದಳು. ಈಗ ಗಬ್ಬದ ಜಿಂಕೆಯ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಇಡೀ ಹಿಂಡಿನಲ್ಲಿ ಈ ಸಲ ಗಬ್ಬವಾದದ್ದು ಅದೊಂದೇ.

"ದೊಡ್ಡಿಗೆ ಹಾಕೋದು ಕೊಂಬೆ ಸಮೇತ. ಅದರಲ್ಲಿ ಮುಕ್ಕಾಲು ಪಾಲು ಕಡ್ಡಿ. ನನಗೆ ಮಾತ್ರ ಚಿಗುರು ಆರಿಸಿ ತಂದಿದ್ದೀರಿ. ಯಾಕ್ರೀ?"

"ನಿಮ್ಮ ಕೈಗೆ ಕೊಡೋದಲ್ವಾ ಮೇಡಂ... ಕಸಕಡ್ಡಿ ತರೋಕೆ ಮನಸ್ಸಾಗಲಿಲ್ಲ."

ಬೈಗುಳ ಅವಳ ನಾಲಿಗೆಯ ತುದಿಯಲ್ಲೇ ಕೂತುಬಿಟ್ಟಿತು. ಬರೀ ಚಿಗುರೇ ಯಾಕೆ ಎಂದು ತಾನಾದರೂ ಮೊದಲೇ ಕೇಳಿದ್ದಳೇ? ಚೀಲ ಬಿಚ್ಚಿದಾಗಲೆಲ್ಲ, ಎಷ್ಟು ಚೆಂದ ಜೋಡಿಸಿದ್ದಾನೆ ಎಂದು ಒಳಗೊಳಗೇ ನಕ್ಕವಳು ತಾನೇ.

"ನಿಮ್ಮ ಪ್ರೀತಿಗೆ ಆ ಬಡಪಾಯಿ ಉಪವಾಸ ಬಿದ್ದಿದೆ," ಎಂದಳು.

ಆಡಿದ ಮೇಲೆ ಆ ಮಾತು ಇಬ್ಬರಿಗೂ ಕೇಳಿಸಿತು. ಅವಳ ಕಿವಿ ಬಿಸಿಯಾಯಿತು. ಅವನು ಖಾಲಿ ಚೀಲ ಎತ್ತಿಕೊಂಡು ಹೊರಟುಹೋದ.

ಸಂಜೆಯೊಳಗೆ ಮರಳಿ ಬಂದ. ಮಾಸಿದ ಅಂಗಿ, ಗೀರಿದ ಕೈ, ಹೆಗಲ ಮೇಲೆ ಗೋಣಿಚೀಲ. ಒಳಗೆ ಮುಳ್ಳು, ಕಡ್ಡಿ, ಒಣಕಾಯಿ, ಧೂಳು.

"ಇದ್ದದ್ದು ಇದ್ದ ಹಾಗೆ."

ಒಣಗಿಸಿ, ಪುಡಿ ಮಾಡಿ ಅಳೆದರೆ ಪ್ರೋಟೀನ್ ಅರ್ಧಕ್ಕಿಳಿದಿತ್ತು. ಹಿಂಡಿ, ಕಾಳು ದೊಡ್ಡಿಗೆ ವಾಪಸ್ಸು ಬಂದವು. ಅವಳು ದಿನವೂ ಬೇಲಿಗೆ ಒರಗಿ, ಜಿಂಕೆ ಮೇಯುವುದನ್ನು ಉಸಿರು ಬಿಗಿಹಿಡಿದು ನೋಡಿದಳು. ಅವನು ಪಕ್ಕದಲ್ಲಿ ನಿಂತು ಅವಳನ್ನು ನೋಡಿದ. ಜಿಂಕೆಯ ಮೂಳೆಗಳು ಮೆಲ್ಲಗೆ ಮರೆಯಾದವು.

ಮರಿ ಹುಟ್ಟಿ, ನಡುಗುವ ಕಾಲಲ್ಲಿ ಎದ್ದು ನಿಂತ ಬೆಳಿಗ್ಗೆ ಅವನು ಮತ್ತೆ ಇಸ್ತ್ರಿ ಅಂಗಿಯಲ್ಲಿ ಬಂದ. ತಲೆಗೆ ಎಣ್ಣೆ ಬೇರೆ.

"ಒಂದು ಮಾತು ಕೇಳೋದಿತ್ತು."

"ಈ ವೇಷದಲ್ಲಾ? ಚಿಗುರು ನೋಡಿ ಒಂದು ಸಲ ಮೋಸ ಹೋಗಿದ್ದೀನಿ. ಕೊಂಬೆ ಸಮೇತ ಹೇಳಿ."

ಅವನು ಅಂಗಿಯ ಗುಂಡಿ ತಿರುವಿದ. "ಗೊರಕೆ ಹೊಡೀತೀನಿ. ಅಡುಗೆ ಬರಲ್ಲ. ಸಿಟ್ಟು ಬಂದರೆ ಮಾತು ಬಿಡ್ತೀನಿ. ಅಮ್ಮ ನನ್ನನ್ನ ಕೊರಡು ಅಂತಾರೆ. ಆದರೆ ಬೆಳಿಗ್ಗೆ ಎದ್ದರೆ ನಿಮ್ಮದೇ ನೆನಪು. ನನ್ನನ್ನ ಮದುವೆ ಆಗ್ತೀರಾ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಇಸ್ತ್ರಿ ಅಂಗಿಯ ತೋಳಿನಲ್ಲೂ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ಅದನ್ನು ಮೆಲ್ಲಗೆ ಕಿತ್ತಳು. ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

"ಮುಕ್ಕಾಲು ಪಾಲು ಕಡ್ಡಿಯೇ," ಎಂದಳು. "ಇರಲಿ. ಈ ಸಲ ಲೆಕ್ಕ ತಪ್ಪಲ್ಲ."