ಒಂದು ಕೊಳವೆ ರಕ್ತ

ಮೊದಲ ಕಲ್ಲು ಲಿಂಬಾನಿಯ ಹೆಲ್ಮೆಟ್ಟಿಗೆ ಬಿತ್ತು, ಎರಡನೆಯದು ಬಾಯಿಗೆ.

ಬ್ಲಾಂಟೈರ್ ನಗರದ ಲ್ಯಾಬಿಗೆ ಹೊರಟಿದ್ದ ಅವನ ಬೈಕಿನಿಂದ ಐಸ್ ಡಬ್ಬಿ ಜಾರಿ, ರಕ್ತದ ಕೊಳವೆಗಳು ಸಂತೆಯ ಟೊಮೆಟೊ ರಾಶಿಗೆ ಉರುಳಿದ್ದವು. ಮುಲಾಂಜೆ ಬೆಟ್ಟದ ತಪ್ಪಲಲ್ಲಿ ರಕ್ತ ಹೀರುವವರ ಭಯ ಹಳೆಯದು.

"ರಕ್ತ ಹೀರೋನು ಸಿಕ್ಕಿದ! ಟೈರ್ ತನ್ರೋ, ಪೆಟ್ರೋಲ್ ತನ್ನಿ!"

ಆಸ್ಪತ್ರೆ ಗೇಟಿನಿಂದ ನರ್ಸ್ ತಿಯಾಮಿಕೆ ಓಡಿಬಂದಳು. ಪರೀಕ್ಷೆಗೆ ರಕ್ತ ಕೇಳುತ್ತಾ ಎರಡು ವಾರದಿಂದ ಲಿಂಬಾನಿ ಅವಳ ಬೆನ್ನು ಬಿಟ್ಟಿರಲಿಲ್ಲ. "ಸಿಸ್ಟರ್, ಎಲ್ಲರೂ ಕೊಟ್ಟರು, ನೀವೊಬ್ಬರೇ ಬಾಕಿ." "ನಿನಗೆ ರಕ್ತ ಬೇಕೋ, ನಾನು ಬೇಕೋ?" ಎಂದು ಅವಳು ಮಾಸ್ಕಿನ ಮೇಲಿನ ಕಣ್ಣಲ್ಲೇ ನಕ್ಕರೆ ಅವನಿಗೆ ಮಾತು ತಡವರಿಸುತ್ತಿತ್ತು.

ಈಗ ಅವನ ಬೆನ್ನಿಗೆ ದೊಣ್ಣೆಗಳು ಬೀಳುತ್ತಿದ್ದವು. ಅವಳು ಅಡ್ಡ ನಿಂತಳು. ಕಲ್ಲೊಂದು ಅವಳ ಹುಬ್ಬು ಸೀಳಿತು.

"ಇದು ಆಸ್ಪತ್ರೆಯವರ ರಕ್ತ ಕಣ್ರೋ! ಗೊತ್ತಿಲ್ಲದ ಹಾಗೆ ಕೊರೋನಾ ಬಂದುಹೋಗಿದೆಯಾ ಅಂತ ನೋಡೋಕೆ ನಾವೇ ಕೊಟ್ಟಿದ್ದು!"

ಟೊಮೆಟೊ ಮಾರುವ ಮುದುಕಿ ನಾಬಾಂಡಾ ದೊಣ್ಣೆ ಇಳಿಸಲಿಲ್ಲ. "ನೀನು ಕೊಟ್ಯಾ, ಮಗಳೇ?"

ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. "ಇಲ್ಲ ಅಜ್ಜಿ. ಈಗ ಕೊಡ್ತೀನಿ, ನೀವೇ ನೋಡಿ."

ತಿಯಾಮಿಕೆ ತೋಳು ಚಾಚಿದಳು. ಲಿಂಬಾನಿಯ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಚೀಲದಿಂದ ಸೂಜಿ, ಖಾಲಿ ಕೊಳವೆ ತೆಗೆದು ಅವಳ ನರ ಹುಡುಕಿದ.

"ನೋವಾದರೆ ಹೇಳಿ..."

"ಚುಚ್ಚೋ ಮಾರಾಯ, ಟೈರ್ ಬರೋದ್ರೊಳಗೆ!"

ಕೊಳವೆ ತುಂಬಿತು. ನಾಬಾಂಡಾ ಬಗ್ಗಿ ನೋಡಿದಳು. "ಇಷ್ಟೇನಾ? ಥೂ, ನಮ್ಮನೆ ಸೊಳ್ಳೆಗಳೇ ವಾಸಿ!" ಯಾರೋ ನಕ್ಕರು. ದೊಣ್ಣೆಗಳು ಇಳಿದವು. ಹೋಗುವಾಗಲೂ ಒಬ್ಬ ಲಿಂಬಾನಿಯ ಪಕ್ಕೆಗೆ ಒದ್ದೇ ಹೋದ.

ಆಸ್ಪತ್ರೆಯಲ್ಲಿ ಅವನ ತುಟಿಗೆ ಹೊಲಿಗೆ ಹಾಕುತ್ತಾ ತಿಯಾಮಿಕೆ ಬಾಯಿಬಿಟ್ಟಳು. "ಜುಲೈನಲ್ಲಿ ಅಮ್ಮ ಕೊರೋನಾ ಬಂದು ಉಸಿರು ಸಿಗದೆ ಸತ್ತಳು. ನನ್ನ ರಕ್ತದಲ್ಲಿ ಆ ಕಾಯಿಲೆ ಗುರುತು ಸಿಕ್ಕರೆ, ಆಸ್ಪತ್ರೆಯಿಂದ ಅದನ್ನ ಮನೆಗೆ ಒಯ್ದು ಅವಳನ್ನ ಕೊಂದೋಳು ನಾನೇ. ಅದಕ್ಕೇ ಕೊಟ್ಟಿರಲಿಲ್ಲ."

ಹತ್ತು ದಿನಕ್ಕೆ ಅವನು ಲ್ಯಾಬಿನ ಚೀಟಿ ಹಿಡಿದು ಬಂದ. "ಗುರುತಿದೆ."

ಅವಳು ಅವನಿಗೇ ಗುದ್ದಿದಳು, ಮುರಿದ ಪಕ್ಕೆಲುಬಿಗೇ. ಮತ್ತೆ ಗುದ್ದಿದಳು. ಅವನು ತಡೆಯಲಿಲ್ಲ.

"ಬಂದುಹೋಗಿದೆ ಅಂತ ಮಾತ್ರ ಇದು ಹೇಳುತ್ತೆ, ತಿಯಾ. ಯಾರಿಂದ ಯಾರಿಗೆ ಅಂತ ಹೇಳಲ್ಲ. ಅಮ್ಮನ ಆರೈಕೆ ಮಾಡಿದೋಳು ನೀನು. ಅವರಿಂದಲೇ ನಿನಗೆ ಬಂದಿರಬಹುದು."

"ಯಾವತ್ತೂ ಗೊತ್ತಾಗಲ್ವಾ?"

"ಇಲ್ಲ. ಗೊತ್ತಾಗದೇ ಬದುಕಬೇಕು. ಒಬ್ಬಳೇ ಬೇಡ, ನಾನಿರ್ತೀನಿ. ನಿನ್ನ ರಕ್ತ ಅಲ್ಲ, ನೀನೇ ಬೇಕಿತ್ತು ನನಗೆ, ಮೊದಲಿಂದಲೂ."

ಅವಳು ಅತ್ತಳು. ಗುದ್ದಿದ ಕೈ ಅವನ ಪಕ್ಕೆಯ ಮೇಲೇ ಇತ್ತು.

"ನೋಯ್ತಿದೆಯಾ?"

"ಪ್ರಾಣ ಹೋಗ್ತಿದೆ."

"ಕೈ ತೆಗೀಲಾ?"

"ಬೇಡ," ಎಂದ ಲಿಂಬಾನಿ.