ಹೊದಿಕೆ ಇಲ್ಲದ ಟೊಮೇಟೊ

ಬೆಳಿಗ್ಗೆ ಸಂಶೋಧಕಿ ಸಸ್ಯ ಸಂಶೋಧನಾ ಕೇಂದ್ರದ ಶೀತಕೋಣೆಯ ಬಾಗಿಲು ತೆಗೆದಳು. ಹಿಮ ತಡೆಯಲೆಂದು ಜೀನ್ ತಿದ್ದಿ ಬೆಳೆಸಿದ ಟೊಮೇಟೊ ಗಿಡಗಳೆಲ್ಲ ಕಪ್ಪಾಗಿ ಜೋತುಬಿದ್ದಿದ್ದವು.

ಅವಳು ದೂರು ಕೊಟ್ಟು ಪೊಲೀಸ್ ಇನ್‌ಸ್ಪೆಕ್ಟರಮ್ಮ ಬರುವಷ್ಟರಲ್ಲಿ ಅವೂ ಇರಲಿಲ್ಲ. ಕಸ ಸುಡುವ ಕುಲುಮೆ ಸೇರಿ ಬೂದಿಯಾಗಿದ್ದವು.

“ಸುಟ್ಟಿದ್ದು ಯಾರು?”

“ನಾನೇ,” ಎಂದರು ವಿಭಾಗದ ಮುಖ್ಯಸ್ಥರು. “ಜೀನ್ ತಿದ್ದಿದ ಗಿಡ ಸತ್ರೆ ಸುಡಬೇಕು, ನಿಯಮ. ಪಾಪ, ಹುಡುಗಿ ಸುಳ್ಳು ಫಲಿತಾಂಶ ತೋರಿಸಿ ಸಿಕ್ಕಿಬಿದ್ಲು. ನಾಳೆ ಸಮಿತಿ ಕೂತು ಕೆಲಸದಿಂದ ತೆಗೆಯುತ್ತೆ.”

“ಸತ್ತಿದ್ದು ನನ್ನ ಗಿಡಾನೇ ಅಲ್ಲ ಮೇಡಂ, ಯಾರೋ ಬದಲಾಯಿಸಿದ್ದಾರೆ,” ಎಂದಳು ಸಂಶೋಧಕಿ, ಕಣ್ಣೊರೆಸಿಕೊಳ್ಳುತ್ತ. “ಹಿಂದೆಯೇ ಪಕ್ಕದಲ್ಲಿ ಮಾಮೂಲಿ ಗಿಡ ಇಟ್ಟು ಹೋಲಿಸಿದ್ದೆ. ಅವು ಸತ್ವು, ನನ್ನವು ಉಳಿದ್ವು. ಹೋಲಿಸದೆ ಏನನ್ನೂ ನಂಬಬೇಡ ಅಂತ ಕಲಿಸಿದ್ದೇ ಈ ಸಾರ್.”

ಬೂದಿಯನ್ನು ಪರೀಕ್ಷಿಸಿ ಹೇಳುವಂಥದ್ದೇನೂ ಇರಲಿಲ್ಲ. ಹಿಂದಿನ ದಿನ ಶೀತಕೋಣೆಯ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್‌ನನ್ನು ಕರೆಸಿದ್ದಾಯಿತು.

“ಫ್ಯಾನ್ ಬಿಟ್ಟು ಏನೂ ಮುಟ್ಟಿಲ್ಲ ಮೇಡಂ. ಮನೆ ಹೂಕುಂಡಕ್ಕೇ ನೀರು ಹಾಕಲ್ಲ ಅಂತ ಹೆಂಡತಿ ಬೈತಾಳೆ.”

ಯಂತ್ರವೂ ಸರಿಯಾಗಿಯೇ ಇತ್ತು. ತನಿಖೆ ಎಲ್ಲಿತ್ತೋ ಅಲ್ಲೇ ನಿಂತಿತು.

* * *

ರಾತ್ರಿ ಹಿಮ ಬೀಳುತ್ತದೆ ಎಂದು ಸಂಜೆಯ ರೇಡಿಯೋ ಹೇಳಿತು. ಇನ್‌ಸ್ಪೆಕ್ಟರಮ್ಮ ಮನೆಗೆ ಬಂದರೆ, ಹಿತ್ತಲಲ್ಲಿ ಅತ್ತೆ ಸೊಸೆಯ ಯೂನಿಫಾರ್ಮ್ ಕೋಟನ್ನು ಟೊಮೇಟೊ ಗಿಡಕ್ಕೆ ಹೊದಿಸುತ್ತಿದ್ದರು.

“ಅತ್ತೆ! ಅದು ಸರ್ಕಾರದ್ದು!”

“ಸರ್ಕಾರ ಒಂದು ರಾತ್ರಿ ಚಳಿ ತಡ್ಕೊಳ್ಳುತ್ತೆ. ಟೊಮೇಟೊ ತಡ್ಕೊಳ್ಳಲ್ಲ.”

“ಗುಲಾಬಿಗೆ ಬೇಡ್ವಾ?”

“ಅದು ಗಟ್ಟಿ ಪಿಂಡ. ಏನೂ ಆಗಲ್ಲ.”

ಅತ್ತೆಯ ಜೊತೆ ವಾದಿಸಿ ಗೆದ್ದವರಿಲ್ಲ. ಕೋಟಿಲ್ಲದೆಯೇ ಇನ್‌ಸ್ಪೆಕ್ಟರಮ್ಮ ಹೇಳಿಕೆಗೆ ಸಹಿ ಪಡೆಯಲು ಮುಖ್ಯಸ್ಥರ ಮನೆಗೆ ಹೋದರು. ಅಲ್ಲಿ ಗುಲಾಬಿಗಳೆಲ್ಲ ಕಂಬಳಿ ಹೊದ್ದು ಬೆಚ್ಚಗೆ ನಿಂತಿದ್ದವು. ಪಕ್ಕದಲ್ಲೇ ಎರಡು ಸಾಲು ಟೊಮೇಟೊ, ಒಂದು ಚಿಂದಿ ಬಟ್ಟೆಯೂ ಇಲ್ಲದೆ. ಇನ್‌ಸ್ಪೆಕ್ಟರಮ್ಮ ಸಹಿ ಪಡೆದು ಮನೆಗೆ ಬಂದರು.

* * *

ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗಾಗಿತ್ತು. ಸಂಶೋಧಕಿಯನ್ನೂ ಕರೆದುಕೊಂಡು ಇನ್‌ಸ್ಪೆಕ್ಟರಮ್ಮ ಮುಖ್ಯಸ್ಥರ ಹಿತ್ತಲಿಗೆ ನಡೆದರು. ಒಂದು ಸಾಲು ಟೊಮೇಟೊ ಕಪ್ಪಾಗಿ ಮಲಗಿತ್ತು. ಇನ್ನೊಂದು ಹಸಿರಾಗಿ ನಿಂತಿತ್ತು. ಅದರ ಮುಂದೆ ಮುಖ್ಯಸ್ಥರು ಮಂಡಿಯೂರಿ ಕೂತಿದ್ದರು.

“ಸಾರ್, ಗಟ್ಟಿ ಗುಲಾಬಿಗೆ ಕಂಬಳಿ, ಸೂಕ್ಷ್ಮ ಟೊಮೇಟೊಗೆ ಏನೂ ಇಲ್ಲ. ಗಿಡದ ವಿಷಯ ನಿಮಗೆ ನಮ್ಮತ್ತೆಗಿಂತ ಕಡಿಮೆ ಗೊತ್ತಾ?” ಎಂದರು ಇನ್‌ಸ್ಪೆಕ್ಟರಮ್ಮ. “ಇವಳ ಗಿಡ ತಂದು ಇಲ್ಲಿ ನೆಟ್ರಿ, ಮಾಮೂಲಿ ಗಿಡ ಅಲ್ಲಿಟ್ಟು ಸಾಯಿಸಿದ್ರಿ. ಪರೀಕ್ಷೆಗೆ ಸಿಗಬಾರದು ಅಂತ ನಿಯಮದ ಹೆಸರಲ್ಲಿ ಸುಟ್ರಿ. ಅಲ್ಲಿಗೇ ನಿಲ್ಲಿಸಿದ್ರೆ ಗೆದ್ದುಬಿಡ್ತಿದ್ರಿ. ಆದ್ರೆ ಹೋಲಿಸದೆ ನಂಬೋಕೆ ನಿಮ್ಮ ಕೈಲಿ ಆಗ್ಲಿಲ್ಲ, ಪಕ್ಕದಲ್ಲಿ ಮಾಮೂಲಿ ಸಾಲೂ ನೆಟ್ರಿ. ಈಗ ಹಸಿರೆಲೆ ಒಂದು ಸಾಕು, ಇವಳು ತಿದ್ದಿದ ಜೀನ್ ಅದರಲ್ಲೇ ಸಿಗುತ್ತೆ.”

ಮುಖ್ಯಸ್ಥರು ತಾವೇ ಒಂದು ಹಸಿರೆಲೆ ಕಿತ್ತು ಕೊಟ್ಟರು.

“ಜೀವಮಾನವೆಲ್ಲ ಇದಕ್ಕೇ ದುಡಿದೆ. ನನ್ನ ಒಂದು ಗಿಡವೂ ಬೆಳಗು ಕಾಣಲಿಲ್ಲ. ಇವಳನ್ನ ಕೆಲಸದಿಂದ ತೆಗೆಸಿ, ಇವು ನನ್ನವು ಅಂತ ಹೇಳೋಣ ಅಂದ್ಕೊಂಡೆ.”

ಸಂಶೋಧಕಿ ಬಗ್ಗಿ ಎಲೆಯ ಮೇಲಿನ ಹಿಮವನ್ನು ಬೆರಳಿಂದ ಒರೆಸಿದಳು. ಎಲೆ ಮುರಿಯಲಿಲ್ಲ.

“ಬೇಕು ಅಂದಿದ್ರೆ ಸಂಶೋಧನಾ ಪ್ರಬಂಧದಲ್ಲಿ ನಿಮ್ಮ ಹೆಸರನ್ನೂ ಸೇರಿಸ್ತಿದ್ದೆ ಸಾರ್,” ಎಂದಳು. “ಮೊದಲ ಹೆಸರಾಗಿ.”