ತಂತಿಯ ಒಳಗಿನ ಮಾತು

"ಅಲ್ಲಿಂದ ಏಳಿ... ರೀ, ಏಳಿ ಅಂತ ಮೂರು ಸಲ ಹೇಳಿದೆ!"

ರಂಗಮಂದಿರದ ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಅಲುಗಾಡಲಿಲ್ಲ. ಎಲ್ದಿಯಾರ್ ಅವಳ ಹೆಗಲು ಮುಟ್ಟಿದ. ಅದೇ ತಪ್ಪಾಯಿತು! ಅವಳು ಬೆಚ್ಚಿ ಸರಕ್ಕನೆ ತಿರುಗಿದಳು. ಕೈಯಲ್ಲಿದ್ದ ಅಳತೆ ಟೇಪು ಅವನ ಕೆನ್ನೆಗೆ ಚಟೀರೆಂದು ಬಡಿಯಿತು.

"ಕಿವಿ ಕೇಳಲ್ವಾ ನಿಮಗೆ?" ಅವನು ಕೆನ್ನೆ ಹಿಡಿದುಕೊಂಡು ಕೇಳಿದ.

ಅವಳು ಅವನ ಬಾಯಿಯನ್ನೇ ದಿಟ್ಟಿಸಿದಳು. ದಪ್ಪ ಮೀಸೆ. ಅದರ ಕೆಳಗೆ ತುಟಿ ಇದೆಯೋ ಇಲ್ಲವೋ ಅನ್ನುವಂಥ ಮೀಸೆ.

"ಆ ಪೊದೆ ಒಳಗೆ ಏನು ಗೊಣಗ್ತಿದ್ದೀರೋ ನನಗೆ ಗೊತ್ತಾಗ್ತಿಲ್ಲ. ನನಗೆ ಕಿವಿ ಕೇಳಲ್ಲ. ತುಟಿ ನೋಡಿ ಮಾತು ತಿಳ್ಕೊಳ್ಳೋಳು ನಾನು. ಒಂದೋ ಬರೆದು ಕೊಡಿ, ಇಲ್ಲಾಂದ್ರೆ ಬೋಳಿಸ್ಕೊಂಡು ಬನ್ನಿ!"

ರಂಗದ ಮೇಲಿದ್ದ ನಟರೆಲ್ಲ ಗೊಳ್ಳೆಂದು ನಕ್ಕರು. ಎಲ್ದಿಯಾರ್‌ನ ಇನ್ನೊಂದು ಕೆನ್ನೆಯೂ ಕೆಂಪಾಯಿತು.

ಮಾರನೆಯ ದಿನ ಅವನು ಮೀಸೆ ಇಲ್ಲದೆ ಬಂದ! ಬಂದವನೇ ಅವಳ ಎದುರಿಗೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

"ನಿನ್ನೆ ನಿಮ್ಮ ತಲೆ ಮೇಲೆ ದೀಪ ಕಟ್ತಾ ಇದ್ರು. ಬಿದ್ದರೆ ಅಂತ ಏಳಿ ಅಂದೆ. ಅಷ್ಟೇ."

ಆ ಹುಡುಗಿ ಜಿಪಾರ್‌ಗೆ ಮೊದಲು ನಾಚಿಕೆ, ಆಮೇಲೆ ತಡೆಯಲಾರದ ನಗು. 'ಪಾಪ, ಮೀಸೆ ಇಲ್ಲದೆ ಮೊಲದ ಹಾಗಿದ್ದಾನೆ...'

ಎಲ್ದಿಯಾರ್ ಬಿಷ್ಕೆಕ್‌ನಿಂದ ಈ ಬೆಟ್ಟದ ಪಟ್ಟಣದ ರಂಗಮಂದಿರಕ್ಕೆ ಧ್ವನಿ ನೋಡಿಕೊಳ್ಳಲು ಬಂದವನು. ಜಿಪಾರ್ ಅಲ್ಲಿಯ ಉಡುಪುಗಳನ್ನು ಹೊಲಿಯುವವಳು. ಸಭಾಂಗಣದ ನೆಲದ ಕೆಳಗೇ ಅವಳ ಕೋಣೆ. ಒಂಬತ್ತನೇ ವಯಸ್ಸಿನ ಜ್ವರ ಅವಳ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಎರಡೂ ಕಿವಿಗೆ ಶ್ರವಣಯಂತ್ರ ಹಾಕಿದರೂ, ದೊಡ್ಡ ಸಭಾಂಗಣದಲ್ಲಿ ಮಾತು, ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲ ಕಲಸಿ ಒಂದೇ ಗದ್ದಲವಾಗುತ್ತಿತ್ತು. ನಾಲ್ಕು ವರ್ಷದಿಂದ ಪ್ರತಿ ನಾಟಕಕ್ಕೂ ಹೊಲಿದಿದ್ದಳು. ಒಂದು ನಾಟಕದ ಒಂದು ಮಾತನ್ನೂ ಪೂರ್ತಿ ಕೇಳಿರಲಿಲ್ಲ.

ಅದಕ್ಕೇ ಅವಳ ಚೀಲದಲ್ಲಿ ಒಂದು ಅರ್ಜಿ ಇತ್ತು. ಮೂವತ್ತೊಂದು ಸಹಿ. ಎಲ್ಲರೂ ಪಟ್ಟಣದ ಕಿವಿ ಮಂದವಾದ ಹಿರಿಯರು.

"ಸಭಾಂಗಣದ ಕುರ್ಚಿಗಳ ಸುತ್ತ ನೆಲದಲ್ಲಿ ಒಂದು ತಂತಿ ಎಳೀಬೇಕು," ಅವಳು ಎಲ್ದಿಯಾರ್‌ಗೆ ವಿವರಿಸಿದಳು. "ಮೈಕಿನ ಮಾತು ಆ ತಂತಿಗೆ ಹೋಗತ್ತೆ. ನಾವು ಕಿವಿ ಮಿಷನ್ ಗುಂಡೀನ 'ಟಿ' ಗುರುತಿಗೆ ಇಟ್ಟರೆ, ತಂತಿಯಿಂದ ಮಾತು ನೇರ ಕಿವಿಗೆ. ಗದ್ದಲ ಇಲ್ಲ. ಬಿಷ್ಕೆಕ್‌ನಲ್ಲಿ ಕಿವಿ ಡಾಕ್ಟರ ಕೋಣೇಲಿ ಒಂದೇ ಒಂದು ಸಲ ಕೇಳಿದೀನಿ. ಮನೆಗೆ ಬರೋವರೆಗೂ ಅತ್ತಿದೀನಿ."

ರಂಗಮಂದಿರದ ನಿರ್ದೇಶಕಿ ಸಾಲ್ಕಿನಾಯ್‌ರನ್ನು ಎಲ್ಲರೂ 'ಎಜೆ', ಅಂದರೆ ಅಕ್ಕ, ಎನ್ನುತ್ತಿದ್ದರು. ಅವರು ಮೂರು ಸಲ ಬೇಡವೆಂದಿದ್ದರು. ನಾಲ್ಕನೆಯ ಸಲ ಕೈಮುಗಿದರು.

"ನಿನ್ನ ಹಟಕ್ಕೆ ಕಲ್ಲೂ ಕರಗತ್ತೆ ಮಾರಾಯ್ತಿ! ಶನಿವಾರ ಮಧ್ಯಾಹ್ನ ನಿನ್ನ ಹಿರಿಯರನ್ನ ಕರ್ಕೊಂಡು ಬಾ. ಅವರಿಗೆ ಕೇಳಿಸಿದ್ರೆ ತಂತಿ ಇರತ್ತೆ. ಇಲ್ಲಾಂದ್ರೆ ಸೋಮವಾರ ಹೊಸ ಕಾರ್ಪೆಟ್ ಹೊಡೆಯೋ ಮುಂಚೆ ತೆಗೆಸ್ತೀನಿ. ಮತ್ತೆ ಈ ಮಾತು ಎತ್ತಬಾರದು."

"ಎತ್ತಲ್ಲ ಎಜೆ. ಎತ್ತೋ ಅಗತ್ಯಾನೇ ಬರಲ್ಲ!"

ಇಬ್ಬರೂ ಕೆಲಸಕ್ಕಿಳಿದರು. ಅವನು ಮಂಡಿಯೂರಿ ತಂತಿ ಎಳೆಯುವನು. ಅವಳು ಕುರ್ಚಿಯಿಂದ ಕುರ್ಚಿಗೆ ಹೋಗಿ ಕೇಳಿ ಹೇಳುವಳು. ತಂತಿಯಲ್ಲಿ ಹರಿಯುವುದು ಅವನ ಕಿವಿಗೆ ಕೇಳುವಂಥದ್ದೇ ಅಲ್ಲವಲ್ಲ!

"ಈಗ ಹೇಗಿದೆ?"

"ಜೇನುಗೂಡಿಗೆ ಕಲ್ಲು ಹೊಡೆದ ಹಾಗಿದೆ. ಗುಂಯ್ ಅಂತಿದೆ. ನಿಮಗೆ ಕೇಳ್ತಿಲ್ವಾ? ಅಯ್ಯೋ ಪಾಪ, ಈ ಕೆಲಸಕ್ಕೆ ನೀವೇ ಕಿವುಡರು!"

ಅವನು ನಕ್ಕ. ಆ ನಗು ಅವಳಿಗೆ ಕೇಳಲಿಲ್ಲ. ಆದರೆ ಕಣ್ಣಿಗೆ ಬಿದ್ದ ನಗು ಎದೆಯಲ್ಲಿ ಉಳಿದುಬಿಟ್ಟಿತು.

ಬುಧವಾರ ಜಿಪಾರ್ ಕೆಳಗಿನ ಕೋಣೆಯಲ್ಲಿ ಒಂದು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಕಿವಿಯ ಯಂತ್ರವನ್ನು 'ಟಿ'ಯಿಂದ ತಿರುಗಿಸಲು ಮರೆತಿದ್ದಳು. ಇದ್ದಕ್ಕಿದ್ದಂತೆ ಗುಂಯ್ ಸದ್ದಿನ ನಡುವಿನಿಂದ ಎಲ್ದಿಯಾರ್‌ನ ದನಿ ಬಂತು! ಸಭಾಂಗಣದ ನೆಲದ ತಂತಿಯಿಂದ ಕೆಳಗಿಳಿದು, ಅವಳ ತಲೆಯೊಳಗೇ ಕೂತು ಮಾತಾಡಿದ ಹಾಗೆ.

ಸೂಜಿ ಹಾಗೇ ನಿಂತಿತು. 'ಅವನ ದನಿ... ಎಷ್ಟು ಮೃದು!'

"ಆಯ್ತು ಎಜೆ, ಕಿತ್ತು ಹಾಕ್ತೀನಿ," ಆ ದನಿ ಹೇಳುತ್ತಿತ್ತು. "ಹೌದು, ಪೂರ್ತಿ. ನಾಳೆ ಬೆಳಗ್ಗೇನೇ... ಬೇಡ, ಜಿಪಾರ್‌ಗೆ ಹೇಳ್ಬೇಡಿ. ಗೊತ್ತಾದ್ರೆ ಸಹಿಸ್ಕೊಳ್ಳಲ್ಲ ಅವಳು."

ತಂತಿ ಮೈಕಿನ ಹತ್ತಿರದವನ ಮಾತನ್ನಷ್ಟೇ ತರುತ್ತದೆ. ದೂರದಲ್ಲಿ ನಿಂತು ಎಜೆ ಏನೆಂದರೋ, ಅದು ತಂತಿಗೆ ಬೀಳಲೇ ಇಲ್ಲ. ಜಿಪಾರ್‌ಗೆ ಸಿಕ್ಕಿದ್ದು ಅರ್ಧ ಮಾತು. ಆ ಅರ್ಧವೇ ಅವಳನ್ನು ಸೀಳಲು ಸಾಕಾಯಿತು.

ಗುರುವಾರ ಬೆಳಗ್ಗೆ ಅವಳು ಓಡಿಬಂದಾಗ ಎಲ್ದಿಯಾರ್‌ನ ತೋಳಿನಲ್ಲಿ ತಾಮ್ರದ ತಂತಿಯ ಸುರುಳಿ ಇತ್ತು. ಅರ್ಧ ನೆಲ ಬರಿದಾಗಿತ್ತು.

"ನನ್ನ ಮುಖ ನೋಡಿ ಒಂದು ಮಾತು ಹೇಳೋ ಧೈರ್ಯ ಇರಲಿಲ್ವಾ ನಿಮಗೆ?"

"ಜಿಪಾರ್, ಒಂದು ನಿಮಿಷ... ನಾನು ಹೇಳೋದು..."

ಅವಳು ಕಣ್ಣು ಮುಚ್ಚಿಕೊಂಡಳು.

ತುಟಿ ನೋಡಿ ಬದುಕುವವರ ಜಗಳ ಹೀಗೇ. ಕಣ್ಣು ಮುಚ್ಚಿದರೆ ಎದುರಿನವರು ಕೂಗಿದರೂ ಅಷ್ಟೇ, ಅತ್ತರೂ ಅಷ್ಟೇ. ಅವನು ಏನೇನೋ ಹೇಳಿದ. ಅವಳು ಕಣ್ಣು ಮುಚ್ಚಿಯೇ ತಿರುಗಿ, ಗೋಡೆ ತಡವುತ್ತ ಹೊರಟುಹೋದಳು.

ಶುಕ್ರವಾರ ಅವಳು ರಂಗಮಂದಿರಕ್ಕೆ ಕಾಲಿಡಲಿಲ್ಲ. ಆದರೆ ಮನೆಯಲ್ಲೂ ಕೂರಲಿಲ್ಲ. ಮೂವತ್ತೊಂದು ಮನೆಯ ಬಾಗಿಲು ತಟ್ಟಿದಳು.

'ತಂತಿ ಇರಲಿ, ಇಲ್ಲದಿರಲಿ. ಎಲ್ಲರೂ ಬರಬೇಕು. ಕಿತ್ತವರು ಇವರ ಮುಖ ನೋಡಿ ಉತ್ತರ ಹೇಳಲಿ!'

ಶನಿವಾರ ಹಿರಿಯರೆಲ್ಲ ಬಂದರು. ಬಿಳಿ ಟೋಪಿ, ಹೂವಿನ ಶಾಲು, ಬಟ್ಟೆಗಂಟಿನಲ್ಲಿ ಹಿಟ್ಟು ಕರಿದು ಮಾಡಿದ ಬಿಸಿ ಬೊರ್ಸೋಕ್. ಬಾಗಿಲಲ್ಲಿದ್ದ ಉಸ್ತುವಾರಿ ತನ್ನ ಎದೆಯ ಮೇಲೆ ಕೈಯಿಟ್ಟು ಅವರನ್ನು ಸ್ವಾಗತಿಸಿದ. ಹಿರಿಯರು ಬಂದರೆ ಮನೆಯಲ್ಲಾದರೂ ಸರಿ, ರಂಗಮಂದಿರದಲ್ಲಾದರೂ ಸರಿ, ಅವರಿಗೆ 'ತೋರ್', ಎಲ್ಲಕ್ಕಿಂತ ಗೌರವದ ಜಾಗ. ಅವನು ಮೊದಲ ಸಾಲಿಗೂ ಮುಂದೆ, ರಂಗದ ಬುಡದಲ್ಲಿ ಕಂಬಳಿ ಹಾಸಿ, ಬೇರೆ ಕುರ್ಚಿ ಹಾಕಿಸಿ ಕೂರಿಸಿದ.

ಜಿಪಾರ್ ಒಬ್ಬೊಬ್ಬರ ಕಿವಿಯ ಗುಂಡಿಯನ್ನೂ ತಾನೇ, ಕೊನೆಗೆ ತನ್ನದನ್ನೂ, 'ಟಿ'ಗೆ ತಿರುಗಿಸಿದಳು.

ರಂಗದ ಮೇಲೆ ಎಲ್ದಿಯಾರ್ ಮೈಕಿನ ಮುಂದೆ ನಿಂತಿದ್ದ. ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಸ್ಪೀಕರುಗಳನ್ನು ಬಂದ್ ಮಾಡಿದ್ದ; ಮೈಕಿನ ಮಾತು ತಂತಿಗಷ್ಟೇ ಹೋಗುತ್ತಿತ್ತು. ತುಟಿ ಆಡಿತು.

"ಏನಾದ್ರೂ ಕೇಳ್ತಿದೆಯಾ?" ಮೈಕಿನ ಪಕ್ಕ ಅರ್ಜಿಯ ಕಾಗದ ಹಿಡಿದು ನಿಂತಿದ್ದ ಸಾಲ್ಕಿನಾಯ್ ಎಜೆ ಕೈಸನ್ನೆಯಲ್ಲಿ ಕೇಳಿದರು.

"ಸೊಳ್ಳೆ ಹಾಡಿದ ಹಾಗಿದೆ," ಎಂಬತ್ತೊಂದರ ಅಜ್ಜಿ ಬುರುಲ್ ಅಪಾ ಗಟ್ಟಿಯಾಗಿ ಹೇಳಿದಳು. "ಸೊಳ್ಳೆ ಹಾಡು ಕೇಳೋಕೆ ಇಷ್ಟು ದೂರ ಬರಬೇಕಿತ್ತಾ?"

ಎಜೆ ಜಿಪಾರ್ ಕಡೆ ನೋಡಿ ನಿಟ್ಟುಸಿರುಬಿಟ್ಟರು. "ನೋಡಿದೆಯಲ್ಲಮ್ಮಾ..."

ಜಿಪಾರ್ ಸೋತೆ ಅಂದುಕೊಂಡಳು. ಆದರೆ... ಸೊಳ್ಳೆ? ತಂತಿಯೇ ಇಲ್ಲದಿದ್ದರೆ ಸೊಳ್ಳೆಯಾದರೂ ಎಲ್ಲಿಂದ?

ಅವಳು ಹಿಂದಕ್ಕೆ ನಡೆದು ಮೊದಲ ಸಾಲಿನ ಕುರ್ಚಿಯ ಕೆಳಗೆ ಬಗ್ಗಿದಳು. ತಾಮ್ರ! ಹೊಸದಾಗಿ, ನೇರವಾಗಿ, ಅಂಗುಲ ಅಂಗುಲಕ್ಕೂ ಪಟ್ಟಿ ಅಂಟಿಸಿದ ತಂತಿ! ಅದನ್ನು ದಾಟಿ ಒಂದು ಹೆಜ್ಜೆ ಒಳಗಿಟ್ಟಳು.

"...ಹನ್ನೊಂದು, ಹನ್ನೆರಡು, ಹದಿಮೂರು..."

ಅವನ ದನಿ! ಗುಂಯ್ ಇಲ್ಲ, ಗದ್ದಲ ಇಲ್ಲ. ತೊಳೆದ ಬಟ್ಟಲಿನಂಥ ದನಿ. ಒಂದು ಹೆಜ್ಜೆ ಹೊರಗೆ: ಸೊಳ್ಳೆ. ಒಂದು ಹೆಜ್ಜೆ ಒಳಗೆ: ದನಿ.

'ಅಯ್ಯೋ ದೇವರೇ! ತಂತಿ ಸರಿಯಾಗೇ ಇದೆ. ಗೌರವ ಕೊಟ್ಟು ಕೊಟ್ಟು ಇವರನ್ನ ತಂತಿಯ ಹೊರಗೆ ಕೂರಿಸಿದೀವಿ!'

"ಎಲ್ಲರೂ ದಯವಿಟ್ಟು ಎದ್ದು ಹಿಂದೆ ಬನ್ನಿ," ಅವಳು ದೊಡ್ಡ ದನಿಯಲ್ಲಿ ಹೇಳಿ ಕೈಬೀಸಿ ಕರೆದಳು.

ಉಸ್ತುವಾರಿಗೆ ಬೆವರು ಕಿತ್ತುಬಂತು. "ಹಿರಿಯರನ್ನ ತೋರ್‌ನಿಂದ ಎಬ್ಬಿಸೋದಾ? ಜ್ಞಾನ ಇದೆಯಾ ನಿನಗೆ? ನಿಮ್ಮಪ್ಪ ಇದ್ದಿದ್ರೆ ಏನನ್ನೋರು?"

"ಬೈಯಿರಿ ಅಣ್ಣಾ. ಇವತ್ತೊಂದು ದಿನ ಎಬ್ಬಿಸ್ತೀನಿ. ಆಮೇಲೆ ಆಯುಷ್ಯ ಪೂರ್ತಿ ಬೈಯಿರಿ."

ಅವಳು ಬುರುಲ್ ಅಪಾಳ ಮುಂದೆ ಮಂಡಿಯೂರಿ, ಹಿಂದಿನ ಕುರ್ಚಿ ತೋರಿಸಿ, ಕಿವಿ ಮುಟ್ಟಿ ತೋರಿಸಿದಳು. ಮುದುಕಿ ಅವಳನ್ನೂ ಕುರ್ಚಿಯನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಕೋಲೂರಿ ಎದ್ದಳು.

"ಗೌರವ ತಿಂದು ತಿಂದು ನನಗೆ ಅಜೀರ್ಣ ಆಗಿದೆ. ಇಪ್ಪತ್ತು ವರ್ಷದಿಂದ ಒಂದು ಮಾತು ಹೊಟ್ಟೆಗೆ ಬಿದ್ದಿಲ್ಲ. ನಡಿ ಮಗಾ!"

ಅವಳ ಹಿಂದೆ ಎಲ್ಲರೂ ಎದ್ದರು. ತಂತಿ ದಾಟುತ್ತಲೇ ಒಬ್ಬೊಬ್ಬರ ಮುಖವೂ ಬದಲಾಗುತ್ತ ಹೋಯಿತು. ಯಾರೋ ಕಿವಿ ಮುಚ್ಚಿ ತೆರೆದರು. ಯಾರೋ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಬುರುಲ್ ಅಪಾ ಮಾತ್ರ ಹುಬ್ಬು ಗಂಟಿಕ್ಕಿದಳು.

"ಸಾಲ್ಕಿನಾಯ್, ಮೈಕ್ ಹತ್ತಿರ ಆ ಕಾಗದ ಮಡಚಬೇಡ. ಕಿವಿ ಕೊರೀತಿದೆ!"

ಎಜೆಯ ಕೈ ಅಲ್ಲೇ ನಿಂತಿತು. ಆಮೇಲೆ ಉಸ್ತುವಾರಿಗೆ ಹೇಳಿದರು, "ಸೋಮವಾರ ಕಾರ್ಪೆಟ್ಟನ್ನ ತಂತಿ ಮೇಲೇ ಹಾಸಿ. ನಿಧಾನಕ್ಕೆ. ಮೊಳೆ ಬೀಳಬಾರದು."

ಜಿಪಾರ್ ಕುರ್ಚಿಗೆ ಕುಸಿದು ತಲೆ ತಗ್ಗಿಸಿದಳು. ಗೆದ್ದಿದ್ದಳು. ಆದರೆ ರಂಗದ ಕಡೆ ಕಣ್ಣೆತ್ತಲು ಮುಖವಿರಲಿಲ್ಲ. ಹಿರಿಯರು ಬೊರ್ಸೋಕ್ ಗಂಟು ಬಿಚ್ಚತೊಡಗಿದರು. ಎಜೆ ಬಾಗಿಲ ಕಡೆ ನಡೆದರು.

ಆಗ ಕಿವಿಯೊಳಗೆ ಪಿಸುದನಿ.

"ಜಿಪಾರ್... ಇವತ್ತು ಕಣ್ಣು ಮುಚ್ಚಿದ್ರೂ ನೀನು ತಪ್ಪಿಸ್ಕೊಳ್ಳೋಕಾಗಲ್ಲ."

ಅವಳು ಬೆರಳಿನಿಂದ ಕಿವಿಯ ಯಂತ್ರವನ್ನು ಮುಟ್ಟಿಕೊಂಡಳು.

"ಮೊದಲು ತಂತೀನ ದೀಪದ ಕೇಬಲ್ ಪಕ್ಕಾನೇ ಎಳೆದಿದ್ದೆ. ನನ್ನದೇ ತಪ್ಪು. ಅದಕ್ಕೇ ಆ ಗುಂಯ್. ಪೂರ್ತಿ ಕಿತ್ತು ಹೊಸದಾಗಿ ಹಾಕ್ಬೇಕಿತ್ತು. ನೀನು ಹೆದರ್ತೀಯ ಅಂತ ಮುಚ್ಚಿಟ್ಟೆ. ಅದು ಅದಕ್ಕಿಂತ ದೊಡ್ಡ ತಪ್ಪು. ನಿನಗೆ ಹೇಳಬೇಕಾದ್ದನ್ನ ಇನ್ನು ಯಾವತ್ತೂ ಬೇರೆಯವರ ಹತ್ತಿರ ಹೇಳಲ್ಲ." ದನಿ ಒಂದು ಕ್ಷಣ ತಡವರಿಸಿತು. "ನೀನಂದ್ರೆ ನನಗೆ ಇಷ್ಟ. ಟೇಪಲ್ಲಿ ಹೊಡೆದ ದಿನದಿಂದಾನೇ ಇಷ್ಟ. ನನ್ನ ಮದುವೆ ಆಗ್ತೀಯಾ?"

ಬೊರ್ಸೋಕ್ ಗಂಟಿನ ಮೇಲಿದ್ದ ಕೈಗಳೆಲ್ಲ ನಿಂತವು.

ಜಿಪಾರ್ ಮೆಲ್ಲನೆ ಪಕ್ಕಕ್ಕೆ ತಿರುಗಿದಳು. ಮೂವತ್ತೊಂದು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು! ಎಲ್ಲರ ಗುಂಡಿಯೂ 'ಟಿ'ಯಲ್ಲಿತ್ತು. ಇಟ್ಟವಳು ಅವಳೇ!

"ಏನಮ್ಮಾ, ಉತ್ತರ ಕೊಡು," ಬುರುಲ್ ಅಪಾ ಕೋಲು ಕುಟ್ಟಿದಳು. "ನಮ್ಮ ಬೊರ್ಸೋಕ್ ಆರಿಹೋಗ್ತಿದೆ!"

"ಏನಾಯ್ತು? ಏನಂದ ಅವನು?" ಬಾಗಿಲಿಂದ ಎಜೆ ಗಾಬರಿಯಾಗಿ ಕೇಳಿದರು.

"ಕಿವಿ ಚೆನ್ನಾಗಿರೋರಿಗೆ ಅಲ್ಲ ಅದು. ಸುಮ್ನಿರು!" ಎಜೆಯ ಗಾಬರಿ ಮುಖ ಕಂಡು ಬುರುಲ್ ಅಪಾ ಗದರಿದಳು.

ರಂಗದ ಮೇಲೆ ಎಲ್ದಿಯಾರ್ ಬೀಟ್‌ರೂಟ್ ಬಣ್ಣಕ್ಕೆ ತಿರುಗಿ, ಮೈಕಿನ ಹಿಂದೆ ಅಡಗಲು ನೋಡುತ್ತಿದ್ದ. ಜಿಪಾರ್ ಮೆಟ್ಟಿಲು ಹತ್ತಿದಳು. ಅವನ ಕೈಯಿಂದ ಮೈಕು ಇಸಿದುಕೊಂಡಳು. ಕೇಳಿದವರಿಗೆಲ್ಲ ಉತ್ತರವೂ ಸಿಗಬೇಕಲ್ಲ!

"ಒಂದು ಷರತ್ತು. ಮೀಸೆ ಮತ್ತೆ ಬಿಡಬಾರದು."

"ಬಿಡಲ್ಲ."

"ನನಗೆ ಹೇಳದೆ ಏನನ್ನೂ ಕೀಳಬಾರದು."

"ಕೀಳಲ್ಲ."

"ಹಾಗಾದ್ರೆ... ಹೂಂ."

ಸಾಲಿನಿಂದ ಚಪ್ಪಾಳೆ ಎದ್ದಿತು. ಅವಳು ಮೈಕನ್ನು ಅವನಿಗೆ ಮರಳಿಸಿ ಕೆಳಗಿಳಿದು, ತಂತಿಯೊಳಗೆ ತನ್ನ ಜಾಗದಲ್ಲಿ ಬಂದು ಕೂತಳು. ನಿಧಾನವಾಗಿ ಕಣ್ಣು ಮುಚ್ಚಿದಳು.

ಅವನ ದನಿಯಲ್ಲಿ ಭಯವಿತ್ತು. "ಮತ್ತೆ ಕೋಪಾನಾ?"

"ಇಲ್ಲ," ಅವಳು ಕಣ್ಣು ಮುಚ್ಚಿಯೇ ನಕ್ಕಳು. "ಇನ್ನೊಂದು ಸಲ ಹೇಳು. ತುಟಿ ನೋಡದೇನೇ ಕೇಳಬೇಕು ನನಗೆ."